ಇದೀಯಾ ಎಂದು ಕೇಳುವ ನನ್ನ ಭಾವ

ನನ್ನ ಭಾವ ಕೆಲಸವನ್ನೇ ಮಾಡದೆ ನಿವೃತ್ತರಾದವರು. ಇದು ಹೊಟ್ಟೆಕಿಚ್ಚಿನ ಮಾತಲ್ಲ, ಅವರೇ ಹೇಳಿಕೊಳ್ಳುತ್ತಿದ್ದದ್ದು. ಅದೂ ಹೆಮ್ಮೆಯಿಂದ.

"ಸರ್ವೀಸಲ್ಲಿ ಇದ್ದಷ್ಟು ದಿನ ಒಂದು ಕಡ್ಡಿ ಎತ್ತಿ ಆ ಕಡೆ ಇಟ್ಟವನಲ್ಲ ಕಣೋ ನಾನು. ಇಟ್ಟಿದ್ರೆ ಕೆಲಸದಿಂದ ತೆಗೆದುಬಿಡ್ತಿದ್ರು."

ಇಂಥ ನೌಕರಿಯೂ ಉಂಟೇ ಎಂದು ಕೇಳುತ್ತೀರಿ. ಉಂಟು. ಊರಾಚೆಯ ಬಣ್ಣದ ಕಾರ್ಖಾನೆಯೊಂದರಲ್ಲಿ ಮನೆಯಷ್ಟು ದೊಡ್ಡ ಟ್ಯಾಂಕುಗಳಿದ್ದವು. ತಳದಲ್ಲಿ ಕೂತ ಗಸಿಯನ್ನು ಕೆರೆಯಲು ಆಗಾಗ ಯಾರಾದರೂ ಒಳಗೆ ಇಳಿಯಬೇಕು. ದಾರಿ ಎಂದರೆ ಮೇಲಿನ ಒಂದು ದುಂಡನೆಯ ತೂತು, ಅಷ್ಟೇ. ಮೊದಲು ಒಳಗೆ ಗಾಳಿ ಊದಬೇಕು, ಆ ಗಾಳಿ ಉಸಿರಾಡಲು ಯೋಗ್ಯವೋ ಎಂದು ಪುಟ್ಟ ಯಂತ್ರ ಇಳಿಬಿಟ್ಟು ನೋಡಬೇಕು, ಇಳಿಯುವವನ ಹೆಗಲು ತೊಡೆಗಳಿಗೆಲ್ಲ ಪಟ್ಟಿ ಬಿಗಿದು ಹಗ್ಗ ಕಟ್ಟಬೇಕು. ಆಮೇಲೆ ಅವನು ಇಳಿಯುತ್ತಾನೆ. ಆಗ ನನ್ನ ಭಾವನ ಕೆಲಸ ಶುರು. ತೂತಿನ ಬಾಯಲ್ಲಿ ಹಗ್ಗ ಹಿಡಿದು ನಿಲ್ಲುವುದು. ನಿಂತು, ಆಗಾಗ "ಇದೀಯಾ?" ಎನ್ನುವುದು. ಒಳಗಿನಿಂದ "ಇದೀನಿ" ಎಂದು ಬರಬೇಕು. ಬರದಿದ್ದರೆ ಪೀಪಿ ಊದಿ ಜನ ಕರೆದು ಹಗ್ಗ ಎಳೆಯಬೇಕು. ಆಕಾಶ ಕಳಚಿ ಬಿದ್ದರೂ ತಾನು ಒಳಗೆ ಇಳಿಯಬಾರದು, ಜಾಗ ಬಿಟ್ಟು ಕದಲಬಾರದು.

ಹೆಣ್ಣು ನೋಡಲು ಬಂದಾಗ ನಮ್ಮಪ್ಪ ಕೇಳಿದ್ದರು. "ಕಾರ್ಖಾನೆಯಲ್ಲಿ ಏನು ಕೆಲಸ?"

"ಹೊರಗೆ ನಿಂತಿರ್ತೀನಿ."

"ಒಳಗೆ ಯಾವಾಗ ಕರ್ಕೋತಾರೆ?"

"ಒಳಗೆ ಹೋಗೋ ಹಾಗೇ ಇಲ್ಲ. ಅದಕ್ಕೇ ಸಂಬಳ."

ಅಪ್ಪ ಆ ದಿನ ಉಪ್ಪಿಟ್ಟನ್ನು ತಟ್ಟೆಯಲ್ಲೇ ಬಿಟ್ಟು ಎದ್ದರು. ಅಕ್ಕ ಮಾತ್ರ "ಇವರೇ ಆಗಲಿ" ಎಂದಳಂತೆ. ಬಂದಾಗಿನಿಂದ ಕೂರದೆ, ಅಷ್ಟು ಹೊತ್ತು ಕಾಲು ಬದಲಿಸದೆ ನಿಂತ ಗಂಡಸನ್ನು ಅವಳು ನಮ್ಮ ಮನೆಯಲ್ಲಿ ಕಂಡೇ ಇರಲಿಲ್ಲ.

ನಮ್ಮ ಮನೆಯಲ್ಲಿ ಎಂದರೆ ನಾನು. ಹೈಸ್ಕೂಲು ಮುಗಿಸಿ ಕಲಾಸಿಪಾಳ್ಯದ ಲಾರಿ ಆಫೀಸು ಸೇರಿದೆ. ಅಲ್ಲಿ ನಿಂತವನು ಕೆಟ್ಟ. ಒಂದು ಲಾರಿ ಬಳಿ ಕೂಗಿ, ಇನ್ನೊಂದರ ಡ್ರೈವರನ್ನು ಬೈದು, ಮೂರನೆಯದರ ಹಿಂದೆ ಓಡಬೇಕು. ಆ ಓಟ ಕಾಲಿಗೆ ಅಂಟಿಕೊಂಡಿತು. ಈಗಲೂ ಹಾಲು ಕಾಯುವವರೆಗೆ ಒಲೆಯ ಮುಂದೆ ನಿಲ್ಲಲಾರೆ. ನಮ್ಮ ಮನೆಯ ಹಾಲು ಉಕ್ಕದ ದಿನವಿಲ್ಲ. ಇಂಥ ನನ್ನನ್ನೂ ಅಂಥ ಭಾವನನ್ನೂ ಚಾಮರಾಜಪೇಟೆಯ ಒಂದೇ ಕಾಂಪೌಂಡಿನಲ್ಲಿ ಇಟ್ಟ ದೇವರಿಗೆ ಏನೆನ್ನಬೇಕು? ಕೆಳಗೆ ನಾವು, ಮಹಡಿಯಲ್ಲಿ ಅಕ್ಕ ಭಾವ.

ನಿವೃತ್ತಿಯಾದ ಮೇಲೆ ಭಾವನಿಗೆ ಟ್ಯಾಂಕುಗಳು ಸಿಗಲಿಲ್ಲ. ಬಚ್ಚಲುಮನೆ ಸಿಕ್ಕಿತು. ಯಾರೇ ಸ್ನಾನಕ್ಕೆ ಹೋಗಲಿ, ಬಾಗಿಲಾಚೆ ಅವರು. ಕೊರಳಲ್ಲಿ ಕಾರ್ಖಾನೆಯ ಅದೇ ಪೀಪಿ.

"ಇದೀಯಾ?"

"ಇದೀನಿ ಭಾವ, ಸೋಪು ಹಚ್ಕೋತಿದೀನಿ."

"ಸೋಪು ಕೇಳಿಲ್ಲ. ಇದೀಯಾ ಅಂತ ಕೇಳ್ದೆ."

ಒಮ್ಮೆ ನನ್ನ ಮಗಳ ಮಾವ ತುಮಕೂರಿನಿಂದ ಬಂದಿದ್ದರು. ಹೆಡ್ಮಾಸ್ಟರಾಗಿದ್ದವರು, ಗಂಭೀರ ಮನುಷ್ಯ. ಬಚ್ಚಲಿನಲ್ಲಿ ಇದ್ದಾಗ ಮಾತಾಡುವುದು ಮರ್ಯಾದೆಯಲ್ಲ ಎಂದು ನಂಬಿದವರು. ಭಾವ ಹೊರಗಿನಿಂದ "ಬೀಗರೇ, ಇದೀರಾ?" ಎಂದರು. ಮೌನ. ಇನ್ನೊಮ್ಮೆ ಕೇಳಿದರು. ಮೌನ. ಪೀಪಿ ಊದಿಯೇಬಿಟ್ಟರು. ಎದುರು ಮನೆಯವರು, ಇಸ್ತ್ರಿ ಅಂಗಡಿಯವನು, ದಾರಿಯಲ್ಲಿ ಹೋಗುತ್ತಿದ್ದ ಹೂವಿನವಳು ಎಲ್ಲರೂ ಒಳಗೆ ನುಗ್ಗಿ ಬಂದರು. ಬಾಗಿಲು ಮುರಿಯಬೇಕೆನ್ನುವಾಗ ಚಿಲಕ ಸರಿಯಿತು. ಒದ್ದೆ ಪಂಚೆಯಲ್ಲಿ ಹೆಡ್ಮಾಸ್ಟರು ನಿಂತಿದ್ದರು.

"ಇದೀನಿ ಸ್ವಾಮಿ," ಎಂದರು. "ಇಲ್ಲಿಯವರೆಗಂತೂ ಇದೀನಿ."

ಆಮೇಲೆ ಅವರು ಯಾವಾಗ ಬಂದರೂ ಸ್ನಾನ ತುಮಕೂರಿನಲ್ಲೇ ಮುಗಿಸಿರುತ್ತಿದ್ದರು.

ಮಲ್ಲೇಶ್ವರದ ಬಟ್ಟೆ ಅಂಗಡಿಯದು ಇನ್ನೊಂದು ಕಥೆ. ಮಗಳು ಚೂಡಿದಾರ ಹಾಕಿ ನೋಡಲು ಟ್ರಯಲ್ ರೂಮಿಗೆ ಹೋದಳು. ಭಾವ ಬಾಗಿಲಲ್ಲಿ ನಿಂತರು. ಒಳಗೆ ಹೋಗುವ ಮೊದಲೇ ಕಾರ್ಖಾನೆಯ ನಿಯಮ ಹೇಳಿದ್ದರು. "ಒಳಗಿದ್ದವರಿಗೆ ಹೊರಗಿನ ಒಂದೇ ಧ್ವನಿ ಲೆಕ್ಕ ಮಗಳೇ. ಹೊರಗೆ ಹತ್ತು ಜನ ಹತ್ತು ಥರ ಕೂಗ್ತಾರೆ. ಎಲ್ಲರಿಗೂ ಉತ್ತರ ಕೊಡ್ತಾ ಕೂತರೆ ಒಳಗಿನವನು ಗೊಂದಲಕ್ಕೆ ಬಿದ್ದು ಸಾಯ್ತಾನೆ. ಯಾರು ನಿಂಗೋಸ್ಕರ ನಿಂತಿದಾರೋ ಅವರಿಗೆ ಮಾತ್ರ ಉತ್ತರ."

ಅಂಗಡಿಯ ಹುಡುಗಿ ಬಂದು "ಮೇಡಂ, ಆಯ್ತಾ?" ಎಂದಳು. ಉತ್ತರವಿಲ್ಲ. "ಮೇಡಂ, ಸೈಜ್ ಸರಿ ಇದೆಯಾ?" ಉತ್ತರವಿಲ್ಲ. ಹುಡುಗಿ ಹೆದರಿ ಮ್ಯಾನೇಜರನ್ನು ಕರೆತಂದಳು. ಅವನು ಬಾಗಿಲು ಬಡಿದ. ಸದ್ದಿಲ್ಲ. ಆಗ ಭಾವ ಗಂಟಲು ಸರಿಮಾಡಿಕೊಂಡು "ಇದೀಯಾ?" ಎಂದರು.

"ಇದೀನಿ ಮಾವ. ಬಗಲಲ್ಲಿ ಬಿಗಿ."

ಮ್ಯಾನೇಜರು ಭಾವನನ್ನು ಮೇಲಿಂದ ಕೆಳಗೆ ನೋಡಿದ. ನಾನು ಆಗಲೇ ರಸ್ತೆಯ ಆಚೆ ಬದಿಯಲ್ಲಿದ್ದೆ, ಯಾರೋ ಎಂಬಂತೆ.

ಹೀಗೆ ನಗುತ್ತ ಬರೆಯುತ್ತಿದ್ದೇನೆ. ಮುಂದಿನದನ್ನು ಬರೆಯಲು ನಾಲ್ಕು ಸಲ ಕುರ್ಚಿಯಿಂದ ಎದ್ದಿದ್ದೇನೆ.

ಈ ಬೇಸಿಗೆಯಲ್ಲಿ ನಮ್ಮ ಸಂಪು ಸೋರತೊಡಗಿತು. ನೆಲದಡಿಯ ಹಳೆಯ ಕಾಲದ ಸಂಪು, ಆಳವಾದದ್ದು. ಒಳಗೋಡೆಗೆ ಸೋರದಂತೆ ಕಪ್ಪು ಬಣ್ಣ ಬಳಿಯಬೇಕೆಂದಾಯಿತು. ಘಾಟು ವಾಸನೆಯ ಬಣ್ಣ, ಡಬ್ಬಿ ತೆರೆದರೇ ತಲೆ ತಿರುಗುತ್ತದೆ. ಬಳಿಯಲು ಬಂದವನು ನಂಜಪ್ಪ, ವರ್ಷಗಳಿಂದ ನಮ್ಮ ಮನೆಯ ಗಾರೆ ಕೆಲಸ ಮಾಡುವವನು. ನನಗೋ ಅವಸರ. ಬೆಳಿಗ್ಗೆ ಬಳಿದು ಮುಗಿಸಿದರೆ ಒಣಗಲು ಸಮಯ ಸಿಗುತ್ತದೆ, ಮುಂದಿನ ಸಲ ನೀರು ಬಿಡುವಾಗ ತುಂಬಿಸಿಕೊಳ್ಳಬಹುದು. ಆದರೆ ಭಾವ ಬಿಡಬೇಕಲ್ಲ? ಮುಚ್ಚಳವನ್ನು ಹಿಂದಿನ ದಿನವೇ ತೆಗೆಸಿದರು. ಗಾಳಿ ಊದುವ ಯಂತ್ರ ಬಾಡಿಗೆಗೆ ತರಿಸಿ, ಅದನ್ನು ದೂರದಲ್ಲಿಟ್ಟು, ದಪ್ಪ ಪೈಪನ್ನು ಒಳಗೆ ಇಳಿಬಿಟ್ಟರು. ನಂಜಪ್ಪನಿಗೆ ಪಟ್ಟಿ ಬಿಗಿದು ಹಗ್ಗ ಕಟ್ಟಿದರು.

"ಹಸು ಕಟ್ದಂಗೆ ಕಟ್ತೀರಲ್ಲ ಸ್ವಾಮಿ," ಎಂದು ನಂಜಪ್ಪ ನಕ್ಕ.

"ಹಸು ಆಗಿದ್ರೆ ಅಂಬಾ ಅಂದ್ರೆ ಸಾಕಿತ್ತು. ನೀನು ಇದೀನಿ ಅನ್ಬೇಕು."

ಬಿಸಿಲು ಏರುವವರೆಗೆ ಭಾವ ಕದಲಲಿಲ್ಲ. ಕೂಗು, ಉತ್ತರ, ಕೂಗು, ಉತ್ತರ. ಕೊನೆಗೆ ಅವರ ಮುಖ ಹಿಂಡಿದಂತಾಯಿತು. ವಯಸ್ಸಾದ ಗಂಡಸಿನ ಕಷ್ಟ, ಎಷ್ಟು ಹೊತ್ತಿನಿಂದ ತಡೆದುಕೊಂಡಿದ್ದರೋ. ನನ್ನನ್ನು ಕರೆದು ಹಗ್ಗ ಕೈಗಿತ್ತರು.

"ನಂಜಪ್ಪ, ಇನ್ನು ನನ್ನ ಬಾಮೈದನ ಧ್ವನಿ ನಿಂಗೆ," ಎಂದು ಒಳಗೆ ಹೇಳಿದರು. ನನ್ನ ಕಡೆ ತಿರುಗಿ, "ಯಂತ್ರ ನಿಂತ್ರೆ ಮೊದ್ಲು ಅವನನ್ನ ಹತ್ತಿಸು. ನಾನು ಬರೋವರೆಗೆ ಕಾಲು ಕೀಳ್ಬೇಡ."

"ಹೋಗಿ ಬನ್ನಿ ಭಾವ, ನಾನೇನು ಮಗುವಾ?"

ಎರಡು ಸಲ ಕೂಗಿದೆ. ಎರಡು ಸಲವೂ "ಇದೀನಿ ಸ್ವಾಮಿ" ಎಂದು ಬಂತು. ಆಮೇಲೆ ನನ್ನ ಕಾಲು ತುರಿಸತೊಡಗಿತು. ಆಗಲೇ ಒಬ್ಬ ನಮ್ಮ ಗೇಟಿಗೆ ಅಡ್ಡಲಾಗಿ ಕಾರು ನಿಲ್ಲಿಸುವುದು ಕಂಡಿತು. ಹಗ್ಗವನ್ನು ನನ್ನ ಸ್ಕೂಟರಿಗೆ ಸುತ್ತಿ ಹೋದೆ.

"ಒಂದ್ನಿಮಿಷ ಸಾರ್, ಹಿಂಗೋಗಿ ಹಂಗೆ ಬರ್ತೀನಿ," ಎಂದ ಕಾರಿನವನು.

"ಈ ರೋಡಲ್ಲಿ ಒಂದ್ನಿಮಿಷ ಅಂದೋರು ಯಾರೂ ಸಾಯಂಕಾಲದೊಳಗೆ ಬಂದಿಲ್ಲಪ್ಪಾ. ತೆಗಿ ಮೊದ್ಲು."

"ರೋಡು ನಿಮ್ಮಪ್ಪಂದಾ ಸಾರ್?"

"ಗೇಟು ನಮ್ಮಪ್ಪಂದೇ."

ಲಾರಿ ಆಫೀಸಿನ ದಿನಗಳು ಮರಳಿ ಬಂದವು. ಜಗಳಕ್ಕೆ ರುಚಿ ಬರುತ್ತಿತ್ತು. ನಡುವೆ ಎದುರು ಮನೆಯ ಮಿಕ್ಸಿಯ ಸದ್ದು ತಟ್ಟನೆ ನಿಂತಿತು. ಕರೆಂಟು ಹೋಯಿತು ಎಂದು ನನಗೆ ತಿಳಿಯಿತು. ಇದನ್ನು ನಾನು ಮುಚ್ಚಿಡುವುದಿಲ್ಲ. ತಿಳಿಯಿತು, ಆದರೆ ಸಂಪಿಗೆ ಗಾಳಿ ಊದುತ್ತಿದ್ದ ಯಂತ್ರ ನೆನಪಾಗಲಿಲ್ಲ. ಕಾರಿನವನಿಗೆ ಇನ್ನೂ ಒಂದು ಮಾತು ಹೇಳುವುದು ಬಾಕಿ ಇತ್ತು.

ಆ ಮಾತನ್ನು ಹೇಳುತ್ತಿರುವಾಗ ಪೀಪಿ ಕೇಳಿಸಿತು.

ಓಡಿದೆ. ಕಾರಿನವನೂ ಓಡಿಬಂದ. ಭಾವ ಸಂಪಿನ ಬಾಯಲ್ಲಿ ಮಂಡಿಯೂರಿ ಹಗ್ಗವನ್ನು ಸ್ಕೂಟರಿನಿಂದ ಬಿಡಿಸುತ್ತಿದ್ದರು. ಒಳಗೆ ಕತ್ತಲು, ಘಾಟು, ಮೌನ. ನನಗೆ ಏನಾಯಿತೋ, ಒಂದು ಕಾಲನ್ನು ಒಳಗಿನ ಮೆಟ್ಟಿಲಿಗೆ ಇಟ್ಟೇಬಿಟ್ಟೆ. ಭಾವ ನನ್ನ ಅಂಗಿಯ ಕಾಲರು ಹಿಡಿದು ಹಿಂದಕ್ಕೆ ಕೆಡವಿದರು.

"ನೀನೂ ಹೋದ್ರೆ ನಿಂಗೆ ಹಗ್ಗ ಯಾರು ಕಟ್ಟಿದಾರೆ? ಎಳಿ."

ಭಾವ, ನಾನು, ಕಾರಿನವನು, ಇಸ್ತ್ರಿ ಅಂಗಡಿಯವನು ಸೇರಿ ಎಳೆದೆವು. ನಂಜಪ್ಪ ನೆನೆದ ಮೂಟೆಯ ಹಾಗೆ ಬಂದ. ಗಾಳಿಗೆ ಮಲಗಿಸಿದೆವು. ಎದೆ ಸಣ್ಣಗೆ ಏರಿಳಿಯುತ್ತಿತ್ತು. ಭಾವ ಅವನ ಕಿವಿಯ ಬಳಿ ಬಗ್ಗಿದರು.

"ನಂಜಪ್ಪ, ಇದೀಯಾ?"

ಕೆಮ್ಮಿದ, ವಾಂತಿ ಮಾಡಿಕೊಂಡ. ಆಮೇಲೆ ಕಣ್ಣು ತೆರೆಯದೆಯೇ "ಇದೀನಿ" ಎಂದ. ಕಾರಿನವನೇ ಅವನನ್ನು ಆಸ್ಪತ್ರೆಗೆ ಕರೆದೊಯ್ದ. ಗೇಟು ತೆರವಾಯಿತು.

ನಂಜಪ್ಪ ಹುಷಾರಾಗಿ ಮನೆಗೆ ಹೋದ. ಅವನ ಹೆಂಡತಿ ಬಂದು ನಮ್ಮ ಅಂಗಳದಲ್ಲಿ ನಿಂತು ಕೇಳಿದಳು. "ಹಗ್ಗ ಹಿಡ್ಕೊಂಡಿರ್ತೀವಿ ಅಂದಿದ್ರಂತೆ. ಯಾರು ಹಿಡ್ಕೊಂಡಿದ್ರಿ?"

ನಾನು ಬಾಯಿ ತೆರೆಯುವುದರೊಳಗೆ ಭಾವ ಹೇಳಿದರು. "ನಾನಮ್ಮ. ಜಾಗ ಬಿಟ್ಟು ಹೋಗಿದ್ದೆ."

ತೆರೆದ ಬಾಯನ್ನು ನಾನು ಮುಚ್ಚಿದೆ. ಅವರು ಸುಳ್ಳು ಹೇಳಲಿಲ್ಲ, ನೋಡಿ. ಅವರ ಲೆಕ್ಕದಲ್ಲಿ ಅದೇ ನಿಜ. ಸುಳ್ಳು ನನ್ನ ಮುಚ್ಚಿದ ಬಾಯಲ್ಲಿತ್ತು. ಬೀದಿಯವರು ಆಡಿಕೊಂಡರು. "ಬಚ್ಚಲುಮನೆ ಕಾಯೋಕೆ ಬರುತ್ತೆ, ಸಂಪು ಕಾಯೋಕೆ ಬರಲ್ಲ." ನಾನು ಕೇಳಿಸಿಕೊಂಡು ನಡೆದೆ.

ಭಾವ ಪೀಪಿಯನ್ನು ಕೊರಳಿನಿಂದ ತೆಗೆದು ಮೊಳೆಗೆ ಸಿಕ್ಕಿಸಿದರು. ಬಚ್ಚಲಿನ ಬಾಗಿಲಲ್ಲಿ ನಿಲ್ಲುವುದು ನಿಂತಿತು. ಎಲ್ಲರೂ ಎಷ್ಟು ಕಾಲದಿಂದ ಬಯಸಿದ್ದ ನೆಮ್ಮದಿ! ನನಗೆ ಮಾತ್ರ ಸ್ನಾನ ಆಗಿಬರಲಿಲ್ಲ. ಮೈಗೆ ಸೋಪು ಹಚ್ಚಿಕೊಂಡು ಕಿವಿಗೊಟ್ಟು ನಿಲ್ಲುತ್ತಿದ್ದೆ. ಸುಮ್ಮನೆ ಕೆಮ್ಮುತ್ತಿದ್ದೆ. ಚೊಂಬು ಬೀಳಿಸುತ್ತಿದ್ದೆ. ಯಾರೂ ಕೇಳಲಿಲ್ಲ. ಮನೆಯಿಂದ ಹೊರಬಿದ್ದು ವಿಶ್ವೇಶ್ವರಪುರಂನ ತಿಂಡಿ ಬೀದಿಯವರೆಗೆ ನಡೆದು, ಏನೂ ತಿನ್ನದೆ ವಾಪಸು ಬರುತ್ತಿದ್ದೆ. ಒಂದು ದಿನ ಬೆಳಗ್ಗೆ ಎರಡು ಸಲ ಸ್ನಾನ ಮಾಡಿದೆ. ಅಕ್ಕ ಮಹಡಿಯಿಂದ "ಏನೋ, ಮದುವೆ ಗಿದುವೆ ಮಾಡ್ಕೋತಿದೀಯಾ?" ಎಂದಳು.

ಮಳೆಗಾಲ ಶುರುವಾದಾಗ ಭಾವನಿಗೆ ತಲೆಸುತ್ತು ಬಂತು. ಡಾಕ್ಟರು ತಲೆಯ ಸ್ಕ್ಯಾನು ಮಾಡಿಸಿ ಎಂದರು. ಕೊಳವೆಯಂಥ ಯಂತ್ರದೊಳಗೆ ಮಲಗಿಸುವ ಸ್ಕ್ಯಾನು. ಭಾವ ಅದನ್ನು ಬಾಗಿಲಿನಿಂದಲೇ ನೋಡಿದರು. ದುಂಡನೆಯ ತೂತು. ಜೀವಮಾನವೆಲ್ಲ ಅದರ ಹೊರಗೆ ನಿಂತ ಮನುಷ್ಯ, ಒಮ್ಮೆಯೂ ಒಳಗೆ ಹೋದವರಲ್ಲ.

"ಹೊರಗೆ ಯಾರಿರ್ತಾರೆ?" ಎಂದು ಕೇಳಿದರು.

"ನಾನಿರ್ತೀನಿ ಅಜ್ಜ," ಎಂದಳು ಯಂತ್ರ ನೋಡಿಕೊಳ್ಳುವ ಹುಡುಗಿ. "ಮೈಕಲ್ಲಿ ಮಾತಾಡಿಸ್ತಿರ್ತೀನಿ."

ಭಾವ ಅವಳನ್ನು ನೋಡಲಿಲ್ಲ. ನನ್ನನ್ನು ನೋಡಿದರು.

"ನಾನಿರ್ತೀನಿ ಭಾವ," ಎಂದೆ. ನನ್ನ ಮಾತಿಗೆ ಎಷ್ಟು ಬೆಲೆ ಎಂದು ಇಬ್ಬರಿಗೂ ಗೊತ್ತಿತ್ತು. ಅವರು ಒಳಗೆ ಹೋಗಿ ಮಲಗಿದರು.

ನಾನು ಹುಡುಗಿಯ ಕೋಣೆಯ ಬಾಗಿಲಲ್ಲಿ ನಿಂತೆ. ಗಾಜಿನಾಚೆ ಭಾವನ ಪಾದಗಳು ಮಾತ್ರ ಕಾಣುತ್ತಿದ್ದವು. ಯಂತ್ರ ಕಲ್ಲು ಒಡೆಯುವಂತೆ ಸದ್ದು ಮಾಡುತ್ತಿತ್ತು. "ಕೂತ್ಕೊಳ್ಳಿ ಸಾರ್, ಟೈಮ್ ಆಗುತ್ತೆ," ಎಂದಳು ಹುಡುಗಿ. ಕಾಲು ತುರಿಸಿತು. ತುರಿಸಲಿ ಎಂದು ಬಿಟ್ಟೆ. ಹಿಂದೆ ಬೆಂಚಿನ ಮೇಲೆ ಅಕ್ಕ ಕೂತಿದ್ದಳು. ತಿರುಗದೆಯೇ ಹೇಳಿದೆ.

"ಅಕ್ಕಾ, ಆವತ್ತು ಹಗ್ಗ ಇದ್ದಿದ್ದು ನನ್ನ ಕೈಲಿ."

"ಗೊತ್ತು ಕಣೋ. ಸ್ಕೂಟರಿಗೆ ಹಗ್ಗ ಸುತ್ತೋ ಬುದ್ಧಿ ಅವರದ್ದಲ್ಲ." ಬೆಂಚಿನಿಂದಲೇ, "ನಂಗೇನು ಹೇಳ್ತೀಯ? ನಂಜಪ್ಪನ ಹೆಂಡ್ತಿಗೆ ಹೇಳು," ಎಂದಳು.

ಹೇಳಿದೆ, ಆಮೇಲೆ. ಅವಳು ನನ್ನನ್ನು ಏನೆಂದಳು ಎಂಬುದು ನನ್ನಲ್ಲೇ ಇರಲಿ. ಕಡಿಮೆಯೇ ಅಂದಳು.

ಯಂತ್ರದ ಸದ್ದು ನಡುವೆ ನಿಂತಿತು. ಹುಡುಗಿ ಮೈಕಿನಲ್ಲಿ "ಅಜ್ಜ, ಹುಷಾರಾಗಿದೀರಾ?" ಎಂದಳು. ಉತ್ತರವಿಲ್ಲ. "ಅಜ್ಜ, ಕೈಗೆ ಕೊಟ್ಟಿರೋ ರಬ್ಬರ್ ಚೆಂಡು ಒತ್ತಿ." ಇಲ್ಲ. ಅವಳ ಮುಖ ಬಿಳಿಚಿತು. "ಹೊರಗೆ ತೆಗೀತೀನಿ," ಎಂದು ಎದ್ದಳು.

ಮಲ್ಲೇಶ್ವರದ ಬಟ್ಟೆ ಅಂಗಡಿ ನನ್ನ ಕಣ್ಣ ಮುಂದೆ ಬಂತು.

"ಒಂದು ಸಲ ಆ ಮೈಕು ನಂಗೆ ಕೊಡಮ್ಮ," ಎಂದೆ. ಕೊಟ್ಟಳು.

"ಭಾವ, ಇದೀರಾ?"

ಮೇಜಿನ ಮೇಲಿನ ಸ್ಪೀಕರಿನಲ್ಲಿ ಗರಗರ ಸದ್ದು. ಆಮೇಲೆ, ದೂರದಿಂದ.

"ಇದೀನಿ."

ಹುಡುಗಿ ಉಸಿರು ಬಿಟ್ಟು ಕುರ್ಚಿಗೆ ಒರಗಿದಳು. ಮೈಕು ಹಿಂದಿರುಗಿಸಲು ಕೈ ಚಾಚಿದೆ. ಒಳಗಿನಿಂದ ಮತ್ತೆ ಧ್ವನಿ ಬಂತು.

"ನೀನು ಇದೀಯಾ?"

"ಇದೀನಿ ಭಾವ. ಇಲ್ಲೇ ಇದೀನಿ."

ಅಕ್ಕ ಎದ್ದು ಬಂದು ನನ್ನ ಹಿಂದೆ ಒಂದು ಕುರ್ಚಿ ತಂದಿಟ್ಟಳು. ನಾನು ಕೂರಲಿಲ್ಲ.