ಅಗ್ರಹಾರದ ಬೀದಿಗೆ ಹಳದಿ ದೀಪ ಬಂದದ್ದು

ಏಣಿ ಹತ್ತುವವನ ಕಣ್ಣಿಗೆ ಇಂಥ ಪ್ರಸಂಗಗಳು ಬೀಳುತ್ತಲೇ ಇರುತ್ತವೆ, ನಾನಾಗಿ ಹುಡುಕಿಕೊಂಡು ಹೋದವನಲ್ಲ. ಬನ್ನೂರಿನಿಂದ ಬಂದು ನಂಜನಗೂಡಿನಲ್ಲಿ ಬೀದಿದೀಪದ ಕೆಲಸಕ್ಕೆ ಸೇರಿ ಇಪ್ಪತ್ತು ವರ್ಷ ಏಣಿ ಹೊತ್ತಿದ್ದೇನೆ. ಕಂಬದ ಮೇಲೆ ಇರುವವನು ಕೆಳಗಿನವರ ಮಟ್ಟಿಗೆ ಇಲ್ಲದಿದ್ದ ಹಾಗೆ. ಏನು ಬೇಕಾದರೂ ಮಾತಾಡುತ್ತಾರೆ, ಏನು ಬೇಕಾದರೂ ಮಾಡುತ್ತಾರೆ.

ಇಲ್ಲಿ ಹೇಳುವುದೆಲ್ಲ ಒಂದೇ ಬೀದಿಯದು. ಇಸವಿ ಎರಡು ಸಾವಿರ ದಾಟಿ ಒಂದೆರಡು ವರ್ಷವಾಗಿತ್ತು. ಹಳೇ ಅಗ್ರಹಾರದ ಬೀದಿ. ಎರಡೂ ಕಡೆ ಹೆಂಚಿನ ಮನೆ, ಮನೆಗೊಂದು ಜಗಲಿ, ಉದ್ದಕ್ಕೂ ಮಹಾರಾಜರ ಕಾಲದ ಹನ್ನೊಂದು ಕಬ್ಬಿಣದ ದೀಪದ ಕಂಬ. ಅವಕ್ಕೆ ಟ್ಯೂಬ್‌ಲೈಟು ಕಟ್ಟಿದ್ದೆವು. ಹಳೇ ಕಂಬ ಕಿತ್ತು ಹೊಸ ಕಂಬ ನೆಟ್ಟು ಹಳದಿ ಬೆಳಕಿನ ಸೋಡಿಯಂ ದೀಪ ಹಾಕಬೇಕು, ಎಲ್ಲ ಮುಗಿದ ಮೇಲೆ ಬೀದಿ ಮೂಲೆಯ ಸ್ವಿಚ್ ಪೆಟ್ಟಿಗೆಗೆ ಟೈಮರ್ ಕೂರಿಸಬೇಕು, ದೀಪ ತಾನೇ ಹತ್ತಿ ತಾನೇ ಆರಬೇಕು ಅಂತ ಆರ್ಡರ್ ಬಂತು.

ಟೈಮರ್ ಮಾತು ನನಗೆ ಹಿಡಿಸಲಿಲ್ಲ. ಯಾಕೆಂದರೆ ಆ ಪೆಟ್ಟಿಗೆಯ ಸ್ವಿಚ್ ಮೂವತ್ತು ವರ್ಷದಿಂದ ದಿನಾ ಸಂಜೆ ಹಾಕುತ್ತಿದ್ದದ್ದು ನಮ್ಮ ಹಿರಿಯ ಲೈನ್‌ಮನ್. ಮುಡುಕುತೊರೆ ಕಡೆಯವನು, ನನಗೆ ಕೆಲಸ ಕಲಿಸಿದವನು. ಅಣ್ಣಯ್ಯ ಅನ್ನುತ್ತಿದ್ದೆ. ಅವನ ಪದ್ಧತಿಯೇ ಬೇರೆ. ಚಪ್ಪಲಿ ಬಿಟ್ಟು, ಪೆಟ್ಟಿಗೆ ಮುಟ್ಟಿ ಕಣ್ಣಿಗೊತ್ತಿಕೊಂಡು, ಆಮೇಲೆ ಸ್ವಿಚ್. ದೀಪ ಹತ್ತಿದ ಕೂಡಲೇ ಜಗಲಿಯ ಮೇಲೆ ಇದ್ದವರೆಲ್ಲ ಎದ್ದು ಕೈ ಮುಗಿಯುತ್ತಿದ್ದರು. ಸಂಜೆ ದೀಪಕ್ಕೆ ಕೈ ಮುಗಿಯುವುದು ನಮ್ಮ ಕಡೆ ಎಲ್ಲರ ಮನೆಯಲ್ಲೂ ಉಂಟು. ಈ ಬೀದಿಯವರು ಬೀದಿದೀಪಕ್ಕೂ ಮುಗಿಯುತ್ತಿದ್ದರು.

ಅಣ್ಣಯ್ಯ ಯಾವ ಕೇರಿಯವನು ಅಂತ ಆ ಬೀದಿಗೆ ಗೊತ್ತಿತ್ತು. ಆ ಬೀದಿ ಎಂಥದು ಅಂತ ಅಣ್ಣಯ್ಯನಿಗೂ ಗೊತ್ತಿತ್ತು. ಮೂವತ್ತು ವರ್ಷದಲ್ಲಿ ಅವನು ಒಂದು ಜಗಲಿಯ ಮೇಲೂ ಕೂತವನಲ್ಲ. ಬಾಯಾರಿದರೆ ಬೀದಿ ಕೊನೆಯ ನಲ್ಲಿಗೆ ಹೋಗುತ್ತಿದ್ದ. ನನಗೆ ಮೈ ಉರಿಯುತ್ತಿತ್ತು. ಅವನು ಮಾತ್ರ ನಗುತ್ತಿದ್ದ.

"ಅವ್ರು ಕೈ ಮುಗಿಯೋದು ದೀಪಕ್ಕೆ ಕಣ್ಲಾ, ನಂಗಲ್ಲ. ನಾನು ಮಧ್ಯದಲ್ಲಿ ನಿಂತಿರ್ತೀನಿ ಅಷ್ಟೇಯ. ಆದ್ರೂ ಅಷ್ಟು ಜನ ಒಟ್ಟಿಗೆ ನನ್ ಕಡೆ ತಿರುಗೋದು ದಿನಕ್ಕೆ ಅದೊಂದೇ ಸಲ."

ರಿಟೈರ್ ಆಗಲು ನಾಲ್ಕು ತಿಂಗಳಿತ್ತು. ಕೊನೇ ದಿನದವರೆಗೂ ಆ ಸ್ವಿಚ್ಚು ತನ್ನ ಕೈಯಲ್ಲೇ ಬೀಳಬೇಕು ಅನ್ನೋದು ಅವನ ಆಸೆ. ಬಾಯಿಬಿಟ್ಟು ಒಂದೇ ಸಲ ಹೇಳಿದ್ದು, ಅದೂ ನನ್ನ ಹತ್ತಿರ. ಹೊಸ ದೀಪದ ಕೆಲಸ ಬೇಗ ಮುಗಿದರೆ ಟೈಮರ್ ಬೇಗ ಬರುತ್ತೆ. ಹಾಗಾಗಿ ಸರ್ಕಾರಿ ಸಂಬಳ ತಿಂದುಕೊಂಡೇ ನಾನು, ಈ ಕೆಲಸ ಹಾಳಾಗಿ ನಾಲ್ಕು ತಿಂಗಳು ಎಳೆಯಲಪ್ಪಾ ಅಂತ ದೇವರಿಗೆ ಹೇಳಿಕೊಂಡೆ. ದೇವರ ಕೆಲಸವನ್ನು ಬೀದಿಯವರೇ ಮಾಡಿದರು.

೧. ಪರಂಪರೆಯ ಹಸು

ಮೊದಲನೇ ಕಂಬ ಕೀಳಲು ಗುಂಡಿ ತೋಡುತ್ತಿದ್ದೆವು. ಮೈಸೂರಿನಿಂದ ಒಬ್ಬರು ಕಾರಿನಲ್ಲಿ ಬಂದರು. ಹಳೇ ಕಟ್ಟಡ, ಹಳೇ ಬೀದಿ ಕಾಪಾಡುವ ಸಮಿತಿಯವರಂತೆ. ಕಂಬ ನೋಡಿದವರೇ, "ಅಯ್ಯಯ್ಯೋ, ನಿಲ್ಲಿಸಿ! ಇದು ಪಾರಂಪರಿಕ ಕಂಬ, ಇದರ ಮೇಲೆ ಒಂದು ಗೀರು ಬೀಳಬಾರದು," ಅಂತ ಕೂಗಿದರು. ನಮ್ಮ ಇಂಜಿನಿಯರ್ ಸಾಹೇಬರು ಕೈ ಕಟ್ಟಿಕೊಂಡು ನಿಂತರು. ಆ ಮಹನೀಯರು ಒಂದೊಂದೇ ಕಂಬ ಸವರಿಕೊಂಡು, ಫೋಟೋ ತೆಗೆದುಕೊಂಡು ಬಂದು ಐದನೇ ಕಂಬದ ಹತ್ತಿರ ನಿಂತುಬಿಟ್ಟರು. ಅದಕ್ಕೆ ಒಂದು ಹಸು ಕಟ್ಟಿತ್ತು.

"ಯಾರ್ರೀ ಇದು? ಪಾರಂಪರಿಕ ಕಂಬಕ್ಕೆ ಹಸು ಕಟ್ಟಿದವರು ಯಾರು?"

ಎದುರು ಮನೆಯ ಯಜಮಾನರು ಹೊರಗೆ ಬಂದರು. ಬಹಳ ಮರ್ಯಾದಸ್ಥರು, ಎಂದೂ ದನಿ ಎತ್ತರಿಸಿದವರಲ್ಲ.

"ನಮ್ಮ ತಾತ ಸಾರ್," ಅಂದರು.

"ನಾನು ಈ ಹಸು ಕೇಳ್ತಿರೋದು."

"ಅದೇ ಸಾರ್. ನಮ್ಮ ತಾತ ಇದರ ಮುತ್ತಜ್ಜೀನ ಇಲ್ಲಿ ಕಟ್ಟಿದ್ರು. ನಮ್ಮಪ್ಪ ಇದರ ಅಜ್ಜೀನ ಕಟ್ಟಿದ್ರು. ಪರಂಪರೆ ಅಂದ್ರೆ ಕಂಬದ ಜೊತೆ ಹಸೂನೂ ಬರ್ಕೊಳ್ಳಿ."

ಆ ಮಹನೀಯರು ಹಸುವಿನ ಫೋಟೋ ಕೂಡ ತೆಗೆದುಕೊಂಡು ಹೋದರು. ಹಳೇ ಕಂಬ ಮುಟ್ಟಬಾರದು, ಹೊಸವನ್ನು ಮಧ್ಯೆ ಮಧ್ಯೆ ನೆಡಿ ಅಂತ ಕಾಗದ ಬರುವಷ್ಟರಲ್ಲಿ ಐದು ವಾರ ಕಳೆದಿತ್ತು. ನಾನು ಹಸುವಿಗೆ ಎರಡು ಬಾಳೆಹಣ್ಣು ತಿನ್ನಿಸಿದೆ.

೨. ನಡೆದಾಡುವ ಗುರುತು

ಹೊಸ ಕಂಬ ಎಲ್ಲಿ ಅಂತ ಇಂಜಿನಿಯರ್ ಬೆಳಿಗ್ಗೆ ಬಂದು ಸೀಮೆಸುಣ್ಣದಲ್ಲಿ ಹನ್ನೊಂದು ಕಡೆ ಗುರುತು ಹಾಕಿದರು. ಬೆಳಕು ಎಲ್ಲರಿಗೂ ಬೇಕು. ಆದರೆ ತಲಬಾಗಿಲಿಗೆ ಎದುರಾಗಿ ಕಂಬ ನಿಂತರೆ ಮನೆಗೆ ಆಗಿಬರಲ್ಲವಂತೆ.

"ಕಂಬ ಅವರ ಬಾಗಿಲಿಗೆ ಹಾಕ್ರಪ್ಪಾ, ಬೆಳಕು ನಮ್ಮ ಕಡೆ ತಿರುಗಿಸಿ," ಅಂತ ಒಬ್ಬರು ಬಂದು ನನ್ನ ಕಿವಿಯಲ್ಲಿ ಹೇಳಿದರು. ಪಕ್ಕದ ಮನೆಯವರು ಬಂದು ಇನ್ನೊಂದು ಕಿವಿಯಲ್ಲಿ ಅದನ್ನೇ ಹೇಳಿದರು.

ನಾವು ಊಟ ಮುಗಿಸಿ ಬರುವಷ್ಟರಲ್ಲಿ ಗುರುತುಗಳೆಲ್ಲ ಒಂದೊಂದು ಮನೆ ಮುಂದಕ್ಕೆ ಹೋಗಿದ್ದವು. ಕೇಳಿದರೆ ಯಾರೂ ಅಳಿಸಿಲ್ಲ, ಯಾರೂ ಬರೆದಿಲ್ಲ. ಮಾರನೇ ದಿನ ಮತ್ತೊಂದು ಮನೆ ಮುಂದೆ. ಇಂಜಿನಿಯರ್ ಬೇರೆ ಕೆಲಸದ ಮೇಲೆ ತಾಂಡ್ಯದ ಕಡೆ ಹೋಗಿ ಹತ್ತು ದಿನ ಬಿಟ್ಟು ಬಂದು ನೋಡಿದರೆ, ಬೀದಿಯೆಲ್ಲ ಖಾಲಿ. ಹನ್ನೊಂದೂ ಗುರುತು ಬೀದಿ ಕೊನೆಯ ನಲ್ಲಿಯ ಹತ್ತಿರ ಒಂದರ ಹಿಂದೆ ಒಂದು ಇದ್ದವು.

ಇಂಜಿನಿಯರ್ ತಲೆ ಮೇಲೆ ಕೈ ಹೊತ್ತರು. ಅಣ್ಣಯ್ಯ ಅವನ್ನು ನಿಧಾನವಾಗಿ ಎಣಿಸಿ ಹೇಳಿದ: "ಸರ್ಯಾಗಿ ಅವೆ ಸಾ. ನೀರು ಇಡಿಯಕ್ಕೆ ಕ್ಯೂ ನಿಂತವೆ."

ಕೊನೆಗೆ ಎರಡು ಮನೆಗಳ ನಡುವಿನ ಗೋಡೆಯ ನೇರಕ್ಕೆ ನೆಟ್ಟೆವು. ಅಣ್ಣಯ್ಯನೇ ಮುಂದೆ ನಿಂತು ಗುಂಡಿ ತೋಡಿಸಿದ. "ಯಾಕಣ್ಣಯ್ಯ ಇಷ್ಟು ಅವಸರ, ನಿನ್ನ ಕೆಲಸಕ್ಕೆ ನೀನೇ ಗುಂಡಿ ತೋಡ್ತೀಯಲ್ಲ," ಅಂತ ರೇಗಿದೆ. "ದೀಪದ ಕೆಲ್ಸ ತಡ ಮಾಡಬಾರ್ದು ಕಣ್ಲಾ," ಅಂದ, ಅಷ್ಟೇ.

೩. ಯಾರು ಬರುತ್ತಿದ್ದಾರೆ

ಟ್ಯೂಬ್‌ಲೈಟು ಕಳಚಿ ಮೊದಲ ಸಾಲಿಗೆ ಹೊಸ ದೀಪ ಹಾಕಿದ ದಿನ ಸಂಜೆ ಬೀದಿಯೆಲ್ಲ ಜಗಲಿಯ ಮೇಲೆ. ಸ್ವಿಚ್ ಪೆಟ್ಟಿಗೆಗೆ ನೇರ ಎದುರು ಮೊದಲನೇ ಮನೆ. ಆ ಮನೆಯ ಅಜ್ಜಿ ಹೇಳಿದ್ದೇ ಆ ಬೀದಿಗೆ ಶಾಸ್ತ್ರ. ಅಣ್ಣಯ್ಯ ಚಪ್ಪಲಿ ಬಿಟ್ಟು ಸ್ವಿಚ್ ಹಾಕಿದ. ಅಭ್ಯಾಸದ ಮೇಲೆ ಎಲ್ಲರೂ ಕೈ ಮುಗಿದರು.

ದೀಪವೇ ಇಲ್ಲ! ಸೋಡಿಯಂ ದೀಪ ಟ್ಯೂಬ್‌ಲೈಟಿನ ಹಾಗೆ ಒಂದೇ ಸಲಕ್ಕೆ ಬೆಳಗಲ್ಲ. ಮೊದಲು ಒಲೆಯ ಕೆಂಡದ ಹಾಗೆ ಒಂದು ಚುಕ್ಕೆ, ಪೂರ್ತಿ ಬೆಳಕಾಗಲು ಐದು ನಿಮಿಷ ಬೇಕು.

"ಹತ್ತಿತೇನಪ್ಪಾ?" ಅಜ್ಜಿ ಕೇಳಿದರು.

"ಅತ್ಕೊಂಡದೆ ಅಮ್ಮಾವ್ರೇ, ಇನ್ನೂ ಬೆಳಕಾಗ್ಬೇಕು. ವಸಿ ತಡೀರಿ," ಅಂದ ಅಣ್ಣಯ್ಯ.

ಈಗ ಕೈ ಏನು ಮಾಡಬೇಕು? ಒಬ್ಬರು ಇಳಿಸಲು ಹೋದರು. ಅಜ್ಜಿ ಗದರಿದರು: "ಇಳಿಸಬೇಡ್ವೋ! ಮುಗಿದ ಕೈ ಬೆಳಕು ಬರೋ ತನಕ ಇಳಿಸಬಾರದು."

ಆಯಿತಲ್ಲ. ಬೀದಿಗೆ ಬೀದಿಯೇ ಕೈ ಮುಗಿದುಕೊಂಡು ನಿಂತಿತು. ಅಷ್ಟರಲ್ಲಿ ಸೈಕಲ್ಲಿನಲ್ಲಿ ಸೊಪ್ಪು ಮಾರುವವನೊಬ್ಬ ಬಂದ. ಈ ದೃಶ್ಯ ನೋಡಿ ಸೈಕಲ್ ಇಳಿದು, ತಲೆಗೆ ಸುತ್ತಿದ್ದ ಟವಲ್ ತೆಗೆದು, ತಾನೂ ಕೈ ಮುಗಿದುಕೊಂಡು ನಿಂತ. ಒಂದು ನಿಮಿಷ ಕಾದು ಮೆತ್ತಗೆ ನನ್ನನ್ನು ಕೇಳಿದ.

"ಯಾರ್ ಸಾ ಬತ್ತಾ ಇರೋದು? ಮಿನಿಸ್ಟ್ರಾ?"

"ಇಲ್ಲ ಮಾರಾಯ, ಬೆಳಕು."

"ಎಷ್ಟೊತ್ತಿಗೆ ಹೊಂಟ್ರಂತೆ?"

೪. ಕೆಂಪು ಸ್ಕೂಟರ್

ಮೂರನೇ ದಿನ ಕೂಗಾಟ ಎದ್ದಿತು. ಹಳದಿ ಬೆಳಕಿನಲ್ಲಿ ಕೆಂಪು ಬಣ್ಣ ಕೆಂಪಾಗಿ ಕಾಣಲ್ಲ. ಮುತ್ತೈದೆಯರ ಹಣೆಯ ಕುಂಕುಮ ಕಪ್ಪಗೆ ಕಾಣುತ್ತಿತ್ತು! ಹೆಂಗಸರೆಲ್ಲ ಸಂಜೆ ಆರು ಗಂಟೆಗೆ ಇಂಜಿನಿಯರನ್ನು ಬೀದಿಗೇ ಕರೆಸಿಕೊಂಡರು. ಅಜ್ಜಿ ಮುಂದೆ ನಿಂತಿದ್ದರು.

"ದೀಪ ಹತ್ತಿದ ಮೇಲೆ ನಮ್ಮ ಸೊಸೆಯಂದಿರ ಹಣೆ ನೋಡಪ್ಪಾ. ಇದೇನು ಬೆಳಕೋ, ಏನು ಅಪಶಕುನವೋ?"

ಇಂಜಿನಿಯರ್ ಓದಿಕೊಂಡವರು. "ಅಮ್ಮಾ, ಬೆಳಕಿನ ಗುಣದಿಂದ ಹಾಗೆ ಕಾಣುತ್ತೆ. ಕುಂಕುಮ ನಿಜವಾಗಿ ಕೆಂಪೇ ಇದೆ. ಬಣ್ಣ ಹೇಗೆ ಕಂಡರೇನು, ವಸ್ತು ಬದಲಾಗುತ್ತಾ?" ಅಂತ ಅರ್ಧ ಗಂಟೆ ಪಾಠ ಮಾಡಿದರು. ಕತ್ತಲಾಯಿತು, ದೀಪ ಪೂರ್ತಿ ಬೆಳಗಿತು. ಹೊರಟರು. ಹೊರಟವರು ಬೀದಿಯಲ್ಲಿ ಒಂದು ಸಲ ಮೇಲಕ್ಕೆ ಹೋದರು, ಒಂದು ಸಲ ಕೆಳಕ್ಕೆ ಬಂದರು, ಮತ್ತೆ ಮೇಲಕ್ಕೆ ಹೋದರು.

"ಏನು ಹುಡುಕ್ತಿದ್ದೀಯಪ್ಪಾ?" ಅಂದರು ಅಜ್ಜಿ.

"ನನ್ನ ಸ್ಕೂಟರ್ ಅಮ್ಮಾ. ಇಲ್ಲೇ ನಿಲ್ಲಿಸಿದ್ದೆ. ಕೆಂಪು ಸ್ಕೂಟರ್. ಇಲ್ಲಿ ಯಾವುದೋ ಕಪ್ಪು ಸ್ಕೂಟರ್ ಇದೆ."

"ನಿಜವಾಗಿ ಕೆಂಪೇ ಇದೆ, ತೊಗೊಂಡು ಹೋಗು," ಅಂದರು ಅಜ್ಜಿ.

ಮನೆಮನೆಗೂ ಜಗಲಿಗೊಂದು ಬಿಳಿ ಬಲ್ಬು ಹಾಕಿಕೊಳ್ಳುವುದು ಅಂತ ಒಪ್ಪಂದವಾಗಿ ಕೆಲಸ ಮತ್ತೆ ಶುರುವಾಗಲು ಮೂರು ವಾರ ಬೇಕಾಯಿತು. ನಾನು ದಿನ ಲೆಕ್ಕ ಹಾಕುತ್ತಲೇ ಇದ್ದೆ.

೫. ತಾನೇ ಹತ್ತುವ ದೀಪ

ಆದರೂ ಸಾಲಲಿಲ್ಲ. ಅಣ್ಣಯ್ಯನ ಸರ್ವೀಸ್ ಇನ್ನೂ ಒಂಬತ್ತು ದಿನ ಇದ್ದಾಗ ಟೈಮರ್ ಬಂತು. ಕಂಟ್ರಾಕ್ಟರ್ ಕಡೆಯವನು ಪೆಟ್ಟಿಗೆ ತೆಗೆದು ಹತ್ತು ನಿಮಿಷದಲ್ಲಿ ಕೂರಿಸಿ, ಬೀಗ ಹಾಕಿಕೊಂಡು ಹೋದ. ಅವತ್ತು ಸಂಜೆ ಅಣ್ಣಯ್ಯ ಬೀದಿ ಮೂಲೆಗೆ ಬಂದು ಸುಮ್ಮನೆ ನಿಂತ. ಚಪ್ಪಲಿ ಬಿಟ್ಟಿದ್ದ. ದೀಪ ತಾನೇ ಹತ್ತಿತು. ಜನ ಕೈ ಮುಗಿದರು. ಅವನು ಚಪ್ಪಲಿ ಮೆಟ್ಟಿಕೊಂಡು ಹೋದ. ನನಗೆ ಅಳು ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ಮಾರನೇ ದಿನದಿಂದ ಅವನು ಆ ಬೀದಿಗೆ ಬರಲಿಲ್ಲ.

ಆ ಟೈಮರಿನಲ್ಲಿ ಒಂದು ಗಡಿಯಾರ. ಕರೆಂಟು ಹೋದರೆ ಗಡಿಯಾರವೂ ನಿಲ್ಲುತ್ತದೆ, ಬಂದರೆ ನಿಂತ ಕಡೆಯಿಂದ ಮತ್ತೆ ನಡೆಯುತ್ತದೆ. ನಮ್ಮಲ್ಲಿ ಆಗ ದಿನಾ ಎರಡು ಗಂಟೆ ಕರೆಂಟ್ ತೆಗೆಯುತ್ತಿದ್ದರು. ಹಾಗಾಗಿ ದೀಪ ಮೊದಲನೇ ದಿನ ಆರೂವರೆಗೆ, ಎರಡನೇ ದಿನ ಎಂಟೂವರೆಗೆ, ಮೂರನೇ ದಿನ ಹತ್ತೂವರೆಗೆ. ಹೀಗೇ ಜಾರಿಕೊಂಡು ಹೋಗಿ ಎಂಟನೇ ಸಲ ಬೆಳಿಗ್ಗೆ ಎಂಟೂವರೆಗೆ ಬಿಸಿಲಿನಲ್ಲಿ ಹತ್ತಿಕೊಂಡಿತು. ಒಲೆಯ ಮೇಲೆ ಉಪ್ಪಿಟ್ಟು ಇಟ್ಟಿದ್ದ ಹೆಂಗಸರೂ ಸೌಟು ಹಿಡಿದುಕೊಂಡೇ ಹೊರಗೆ ಬಂದು ಕೈ ಮುಗಿದರು. ಏನೇ ಆಗಲಿ, ದೀಪ ದೀಪವೇ ತಾನೆ! ಬೆಳಕು ಪೂರ್ತಿ ಬಂದಿತೋ ಇಲ್ಲವೋ ಬಿಸಿಲಿನಲ್ಲಿ ಗೊತ್ತಾಗದೆ ಎಷ್ಟು ಹೊತ್ತಿಗೂ ಕೈ ಇಳಿಸಲಾಗಲಿಲ್ಲ. ಬೀದಿಯ ಉಪ್ಪಿಟ್ಟೆಲ್ಲ ತಳ ಹಿಡಿಯಿತು.

ಅಜ್ಜಿ ಮೊಮ್ಮಗನ ಕೈಯಲ್ಲಿ ಆಫೀಸಿಗೆ ಫೋನ್ ಮಾಡಿಸಿದರು. ಮಾರನೇ ದಿನ ಆಫೀಸಿನಿಂದ ಒಂದು ಮೆಮೊ ಹೊರಟಿತು. ಅಕ್ಷರಕ್ಕೆ ಅಕ್ಷರ ನನಗೆ ನೆನಪಿದೆ: "ಸದರಿ ಬೀದಿಯ ಸ್ವಯಂಚಾಲಿತ ದೀಪಗಳನ್ನು ಪ್ರತಿದಿನ ಸಂಜೆ ಹಚ್ಚಲು ಒಬ್ಬ ನೌಕರರನ್ನು ಕೂಡಲೇ ನಿಯೋಜಿಸತಕ್ಕದ್ದು."

ಅವತ್ತು ಅಣ್ಣಯ್ಯನ ಸರ್ವೀಸಿನ ಕೊನೇ ದಿನ. ಪೆಟ್ಟಿಗೆಯ ಬೀಗ ತೆಗೆಸಿ ಟೈಮರ್ ಕಳಚಿಸಿ, ಮೆಮೊ ಹಿಡಿದುಕೊಂಡು ನಾನು ಅವನ ಮನೆಗೆ ಓಡಿದೆ. ಬಿಳಿ ಶರ್ಟು ಹಾಕಿಕೊಂಡು ಬಂದ.

ಬೀದಿಗೆ ಸುದ್ದಿ ಮುಟ್ಟಿತ್ತು. ಎಲ್ಲ ಜಗಲಿಯಲ್ಲೂ ಜನ. ಅಣ್ಣಯ್ಯ ಚಪ್ಪಲಿ ಬಿಟ್ಟ, ಪೆಟ್ಟಿಗೆ ಮುಟ್ಟಿ ಕಣ್ಣಿಗೊತ್ತಿಕೊಂಡ. ಯಾಕೋ ಹಿಂದೆ ತಿರುಗಿ ನೋಡಿದ. ಅಜ್ಜಿ ಮೊದಲನೇ ಮನೆಯ ಜಗಲಿ ಇಳಿದು ಬೀದಿಗೆ ಬಂದು, ಅವನಿಂದ ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದರು. ಕೈ ಮುಗಿದಿದ್ದರು.

ಹಸುವಿನ ಮನೆಯ ಯಜಮಾನರು ಮೆಲ್ಲಗೆ ಹೇಳಿದರು. "ಅಜ್ಜೀ, ಇನ್ನೂ ಸ್ವಿಚ್ ಹಾಕಿಲ್ಲ. ದೀಪ ಹತ್ತಿಲ್ಲ."

"ನಂಗೇನು ಕಣ್ಣು ಕಾಣಲ್ವೇನೋ?" ಅಂದರು ಅಜ್ಜಿ. ಕೈ ಇಳಿಸಲಿಲ್ಲ.

ಅಣ್ಣಯ್ಯ ತನ್ನ ಹಿಂದೆ ಯಾರಾದರೂ ಇದ್ದಾರಾ ಅಂತ ನೋಡಿದ. ಗೋಡೆ ಇತ್ತು. ಮತ್ತೆ ಈ ಕಡೆ ತಿರುಗಿದ. ಅಷ್ಟು ವಯಸ್ಸಾದ ಹೆಂಗಸು ಕೈ ಮುಗಿದರೆ ಏನು ಮಾಡುವುದು? ಅವನೂ ಮುಗಿದ.

ಅಜ್ಜಿಯ ಶಾಸ್ತ್ರದ ಪ್ರಕಾರ ಮುಗಿದ ಕೈ ಬೆಳಕು ಬರುವ ತನಕ ಇಳಿಸುವ ಹಾಗಿಲ್ಲ. ಅಜ್ಜಿ ಇಳಿಸುವ ತನಕ ಅಣ್ಣಯ್ಯ ಇಳಿಸುವವನಲ್ಲ. ಅಣ್ಣಯ್ಯ ಕೈ ಇಳಿಸದೆ ಸ್ವಿಚ್ ಬೀಳಲ್ಲ. ಅಜ್ಜಿ ಮುಗಿದದ್ದು ನೋಡಿ ಬೀದಿಯವರೆಲ್ಲ ಎದ್ದು ಕೈ ಮುಗಿದರು. ಏಣಿ ಗೋಡೆಗೆ ಒರಗಿಸಿ ನಾನೂ ಮುಗಿದೆ. ಜಗಲಿಯ ಬಲ್ಬು ಹಾಕಲೂ ಯಾರ ಕೈಗೂ ಬಿಡುವಿರಲಿಲ್ಲ, ನೋಡನೋಡುತ್ತಾ ಬೀದಿ ಪೂರ್ತಿ ಕತ್ತಲಾಯಿತು. ಯಾರೂ ಅಲ್ಲಾಡಲಿಲ್ಲ. ಯಾರ ಮುಖವೂ ಯಾರಿಗೂ ಕಾಣುತ್ತಿರಲಿಲ್ಲ.

ಮೂವತ್ತು ವರ್ಷ ಒಂದು ದಿನವೂ ದೀಪ ತಡ ಮಾಡದ ಮನುಷ್ಯ, ಕೊನೇ ದಿನ ಕಾಲು ಗಂಟೆ ತಡ ಮಾಡಿದ.

ಆಮೇಲೆ ಕತ್ತಲಲ್ಲಿ ಯಾರೋ ಅಂಗಲಾಚಿದರು. "ಸ್ವಿಚ್ ಹಾಕ್ರಪ್ಪಾ ಯಾರಾದ್ರೂ, ಕೈ ನೋಯ್ತಾ ಇದೆ!"