ಗುಡ್ಡ ಹತ್ತಿ ತವರು ನೋಡಿದ್ದು

ನಾವು ಮನೆಮಂದಿ ಗುಡ್ಡ ಹತ್ತಲು ಹೊರಟೆವೆಂದರೆ ಗುಡ್ಡವೊಂದನ್ನು ಬಿಟ್ಟು ಉಳಿದದ್ದೆಲ್ಲ ಅಡ್ಡ ಬರುತ್ತದೆ. ಎರಡನೆಯ ಮಹಾಯುದ್ಧದ ಆ ವರ್ಷಗಳಲ್ಲಿ ನಾನು ಹೊನ್ನಾವರದಲ್ಲಿ ಶಾಲೆ ಮಾಸ್ತರ. ಹೆಂಡತಿಯ ತವರು ಹೊಳೆಯಾಚೆ, ಮಾವಿನಕುರ್ವೆಯೆಂಬ ನಡುಗಡ್ಡೆ. ಅಪ್ಪ ಬಂದು ಕರೆಯದೆ ಮಗಳು ತವರಿಗೆ ಹೋಗುವ ಪದ್ಧತಿ ನಮ್ಮಲ್ಲಿಲ್ಲ. ಮೀನು ಹಿಡಿಯುವ ಮಾವನಿಗೆ ಚಳಿಗಾಲ, ಬೇಸಿಗೆಯಿಡೀ ಸಮುದ್ರ. ಮಳೆಗಾಲದಲ್ಲಿ ಬಿಡುವಿದ್ದರೂ ಹೊಳೆ ದಾಟುವಂತಿಲ್ಲ. ಹೀಗೆ ಎರಡು ವರ್ಷ ಕಳೆದಿತ್ತು. ಸರಕಾರಿ ಅಡವಿಯ ಗುಡ್ಡದ ನೆತ್ತಿಯಿಂದ ಕುರ್ವೆ ಕಾಣುತ್ತದೆಂದು ಯಾರೋ ಹೇಳಿದ್ದೇ ತಡ, "ದೂರದಿಂದಾದ್ರೂ ಒಂದ್ಸಲ ನೋಡ್ಬೇಕು" ಎಂದು ಅವಳು ಹಟ ಹಿಡಿದಳು. ಡಿಸೆಂಬರಿನ ನಾತಾಳ, ಅಂದರೆ ಕ್ರಿಸ್‌ಮಸ್ ರಜೆಯಲ್ಲಿ ಕರೆದೊಯ್ಯುವೆನೆಂದು ಮಾತು ಕೊಟ್ಟೆ.

೧. ಗಾಳಿಯ ಭಾರ

ಮೊದಲ ವರ್ಷ ನನ್ನ ತಾಯಿಯೂ ಬಂದಳು. ಅವಳ ಪಾಲಿಗೆ ಗುಡ್ಡವೆಂದರೆ ಏನಾದರೂ ತರುವ ಜಾಗ. ಬರಿಗೈಯಲ್ಲಿ ಹೋಗಿ ಬರಿಗೈಯಲ್ಲಿ ಬರುವುದು ಅವಳ ತಲೆಗೆ ಹೋಗಲೇ ಇಲ್ಲ. ಅರ್ಧ ದಾರಿಯಲ್ಲಿ ಒಣಗಿದ ತರಗೆಲೆ ಕಂಡವಳೇ ಸೆರಗು ಸಿಕ್ಕಿಸಿ ಗುಡಿಸತೊಡಗಿದಳು. ಗಂಟೆಯೊಂದರಲ್ಲಿ ಮೂರು ಹೊರೆಯಾಯಿತು. ಹೊರೆ ಹೊತ್ತು ನೆತ್ತಿ ಹತ್ತುವವರು ಯಾರು? ಇಳಿದೆವು.

ಕೆಳಗೆ ಅಡವಿಯ ಗಾರ್ಡು ನಿಂತಿದ್ದ. "ಎಂತ ಮಾಸ್ತ್ರೆ, ಎಲ್ಲಿಗೆ ಹೋಗಿದ್ರಿ?"

"ಗಾಳಿ ತಕೊಳ್ಳಲಿಕ್ಕೆ" ಎಂದೆ, ಮರ್ಯಾದೆಗಾಗಿ.

ಅವನು ನನ್ನ ತಲೆಯ ಮೇಲಿನ ಹೊರೆ ನೋಡಿದ. "ಆತು, ತಕೊಳ್ಳಿ. ಮನೆಗೆ ಹೋಗಿ ಗಾಳಿ ಇಳಿಸಿ, ಕುತ್ತಿಗೆ ನೋಯ್ತದೆ."

೨. ಯಾರು ಹೋದ್ರು?

ಮರುವರ್ಷ ಬೆಳಕು ಹರಿಯುವಾಗಲೇ ಬುತ್ತಿ ಕಟ್ಟಿ ಹೊರಟೆವು. ಮನೆಮಂದಿಯೆಲ್ಲ ಅಷ್ಟು ಬೇಗ ಒಟ್ಟಿಗೆ ನಡೆಯುವುದು ನಮ್ಮ ಕಡೆ ಒಂದೇ ಕಾರಣಕ್ಕೆ. ಗುಡ್ಡದ ಬುಡದ ಮನೆಯ ಮುದುಕಿ ನೀರು, ಬೆಲ್ಲ ಕೊಟ್ಟು ಕಣ್ಣೊರೆಸಿಕೊಂಡಳು. "ಯಾರು ಹೋದ್ರು?"

"ಯಾರೂ ಇಲ್ಲ, ಸುಮ್ನೆ ಗುಡ್ಡ ನೋಡ್ಲಿಕ್ಕೆ" ಎಂದಳು ತಾಯಿ.

ಅದನ್ನು ನಂಬುವವರುಂಟೇ? ಮುದುಕಿಯ ಬಾಯಿಂದ ಸುದ್ದಿ ಊರಿಗೆ ಹೋಯಿತು. ಬಾಯಿ ಬಿಡುವುದಿಲ್ಲವೆಂದರೆ ತೀರಾ ಹತ್ತಿರದವರೇ ಹೋಗಿರಬೇಕೆಂದು ಜನ ಲೆಕ್ಕ ಹಾಕಿದರು. ಮಂಕಿ ಊರಿನಲ್ಲಿರುವ ನನ್ನ ಸೋದರಮಾವನಿಗೆ ವಾರದ ಹಿಂದೆ ಜ್ವರ ಬಂದಿತ್ತು. ಊರವರು ಅವನನ್ನೇ ಆರಿಸಿದರು.

ನೆತ್ತಿ ಇನ್ನು ಸ್ವಲ್ಪವೇ ಎನ್ನುವಾಗ ನೆರೆಮನೆಯವನು ಏದುಸಿರು ಬಿಡುತ್ತ ಓಡಿ ಬಂದ. "ಮನೆ ತುಂಬಾ ಜನ, ಬೇಗ ಬನ್ನಿ!" ಬಿದ್ದು ಎದ್ದು ಇಳಿದೆವು. ಅಂಗಳದಲ್ಲಿ ಹೆಂಗಸರು ಅಳುತ್ತಿದ್ದರು. ಅವರ ನಡುವೆ ಸಂತೆಯ ಚೀಲ ಹಿಡಿದು ಸೋದರಮಾವನೇ ನಿಂತಿದ್ದ.

"ನೀ ಎಂತಕ್ಕೆ ಬಂದೆ?" ತಾಯಿ ಕಿರುಚಿದಳು.

"ಪೇಟೆಲಿ ನಾ ಸತ್ತೆ ಅಂದ್ರು. ಇಷ್ಟು ಹತ್ರ ಬಂದವ ನೋಡದೆ ಹೋಗುದು ಸರಿಯಲ್ಲ ಅಂತ ಬಂದೆ."

೩. ಕುರ್ವೆ ಕಂಡಿತು

ಮೂರನೆಯ ವರ್ಷ ತಾಯಿ ಬರುವುದಿಲ್ಲವೆಂದಳು. ಹೆಂಡತಿ ಈ ಸಲ ದೋಣಿಯವನ ಕೈಲಿ ತವರಿಗೆ ಹೇಳಿ ಕಳಿಸಿದ್ದಳು: ಆದಿತ್ಯವಾರ ನೆತ್ತಿ ಹತ್ತುತ್ತೇವೆ, ಗುರುತಿಗೆ ಮನೆಯ ಮಾಡಿನ ಮೇಲೆ ಕೆಂಪು ಸೀರೆ ಹರಡಿ.

ನೆತ್ತಿ ತಲುಪಿದೆವು. ಕುರ್ವೆ ಕಂಡಿತು. ಮಾಡುಗಳ ಮೇಲೆಲ್ಲ ಕೆಂಪು ಸೀರೆ! ಅವಳು ತಬ್ಬಿಬ್ಬಾದಳು. ಆಮೇಲೆ ತೆಂಗಿನ ಮರಗಳ ಪಕ್ಕದ ಒಂದು ಸೀರೆಗೆ ಬೆರಳು ತೋರಿಸಿ, "ಅದೇ, ಅದೇ ನಮ್ಮನೆ" ಎಂದು ಬಿಕ್ಕಿಬಿಕ್ಕಿ ಅತ್ತಳು. ಗಂಟೆಯ ಕಾಲ ಅದಕ್ಕೇ ಕೈ ಬೀಸಿದಳು. ನಾನೂ ಬೀಸಿದೆ, ಸುಳ್ಳು ಯಾಕೆ ಹೇಳಲಿ.

ಇಳಿದು ಬಂದರೆ ನಮ್ಮ ಜಗಲಿಯಲ್ಲಿ ಮಾವ ಎಲೆಯಡಿಕೆಯ ಕವಳ ಹಾಕುತ್ತ ಕೂತಿದ್ದ. ಒಳಗಿನಿಂದ ತಾಯಿಯ ಜತೆ ಅತ್ತೆಯ ನಗು ಕೇಳುತ್ತಿತ್ತು.

"ಮಗಳು ಮನೆ ನೋಡ್ಲಿಕ್ಕೆ ಗುಡ್ಡ ಹತ್ತುದು ಅಂದ್ರೆ ಎಂತ ಚಂದ ಮಾಸ್ತ್ರೆ? ಒಂದಿನ ಬಲೆ ಬಿಟ್ಟು ಕರ್ಕಂಡು ಹೋಗ್ಲಿಕ್ಕೇ ಬಂದೆ" ಎಂದ ಮಾವ. "ನೀವು ನೋಡ್ತ್ರಿ ಅಂತ ಊರಲ್ಲಿ ಹೇಳಿದ್ದೆ. ನಮ್ಮನೆ ಯಾಕೆ ಕಾಣ್ಬಾರ್ದು ಅಂತ ಎಲ್ರೂ ಸೀರೆ ಹಾಕಿದ್ರು."

"ಮತ್ತೆ ನಮ್ಮ ಸೀರೆ?" ಎಂದಳು ಹೆಂಡತಿ.

ಅತ್ತೆ ಹೊರಗೆ ಬಂದಳು, ಕೆಂಪು ಸೆರಗು ಸರಿಮಾಡಿಕೊಳ್ಳುತ್ತ. "ಬಟ್ಟೆಗೂ ಕೂಪನ್ನಿನ ಕಾಲ, ಇರುದು ಇದೊಂದೇ. ಮಾಡಿಗೆ ಉಡ್ಸಿ ಬಂದ್ರೆ ಬೀಗರ ಮನೆಗೆ ನಾ ಎಂತ ಉಟ್ಕಂಡು ಬರುದು?"