ಮೂರನೆಯ ಸಲ ಕೇಳಿದರೆ

ಆಸ್ಪತ್ರೆಯ ವಾರ್ಡಿಗೆ ಊಟದ ಗಾಡಿ ತಳ್ಳಿಕೊಂಡು ಬಂದ ಸಿಗ್ನೆ ಎಂದಿನಂತೆ ಒಂದೇ ಸಲ ಕೇಳಿದಳು. ನಿಸ್ ಲೊರೆನ್ಸೆನ್‌ಗೆ ಇದ್ದ ಕಷ್ಟವೇ ಅದು.

"ನಿಸ್ ಅವರೇ, ಕೆನೆ ಹಾಕಿದ ಗಂಜಿ ಇದೆ, ಮೊಟ್ಟೆ ಇದೆ. ಕೊಡ್ಲಾ?"

"ಬೇಡ ಬಿಡಮ್ಮ, ಸುಮ್ನೆ ನಿಂಗ್ಯಾಕೆ ತೊಂದ್ರೆ."

"ಸರಿ," ಎಂದು ಅವಳು ಗಾಡಿಯನ್ನು ಪಕ್ಕದ ಹಾಸಿಗೆಗೆ ತಳ್ಳಿದಳು. ಅಲ್ಲಿದ್ದ ಬಿರ್ಗರ್, ಕೋಪನ್‌ಹೇಗನ್ನಿನ ನಿವೃತ್ತ ಬಸ್ ಡ್ರೈವರ್, ತನ್ನ ಪಾಲಿನ ಜೊತೆಗೆ ನಿಸ್‌ನ ಪಾಲನ್ನೂ ಇಸಿದುಕೊಂಡ. ಗಂಜಿಯ ಹಬೆ ಎದುರಿನಿಂದಲೇ ಹಾದುಹೋಯಿತು. ನಿಸ್ ಎಂಜಲು ನುಂಗಿಕೊಂಡು ಕಿಟಕಿಯತ್ತ ತಿರುಗಿದ.

ಕರುಳಿನ ದೊಡ್ಡ ಆಪರೇಷನ್ನಿಗೆಂದು ಅವನನ್ನು ದಕ್ಷಿಣ ಜಟ್ಲೆಂಡಿನ ಹಳ್ಳಿಯಿಂದ ರಾಜಧಾನಿ ಕೋಪನ್‌ಹೇಗನ್ನಿಗೆ ತಂದಿದ್ದರು. ಆಪರೇಷನ್ ಚೆನ್ನಾಗಿಯೇ ಆಗಿತ್ತು. ತೂಕ ಮಾತ್ರ ದಿನಾ ಇಳಿಯುತ್ತಿತ್ತು. ಹತ್ತು ಗಂಟೆಗೆ ತೂಕದ ಯಂತ್ರ ನೋಡಿದ ಸಿಗ್ನೆ ಸೊಂಟದ ಮೇಲೆ ಕೈಯಿಟ್ಟಳು. ರೋಗಿಗಳ ಆಹಾರ ನೋಡಿಕೊಳ್ಳುವುದೇ ಅವಳ ಕೆಲಸ.

"ಗಾಯ ಕೂಡ್ಬೇಕು ಅಂದ್ರೆ ಹೊಟ್ಟೆಗೆ ಏನಾದ್ರೂ ಬೀಳ್ಬೇಕಲ್ವಾ? ಇವತ್ತು ಸರಿಯಾಗಿ ತಿಂದ್ರೆ ನಾಳೆ ಮನೆಗೆ. ಇಲ್ಲಾಂದ್ರೆ ಮೂಗಿಂದ ಕೊಳವೆ ಹಾಕ್ತೀವಿ."

ನಿಸ್ ಮೂಗು ಮುಟ್ಟಿಕೊಂಡ. ಕೊಳವೆಗಿಂತ ಹೆಚ್ಚಿನ ಭಯ ಬೇರೆಯೇ ಇತ್ತು. ಭಾನುವಾರ ಅಕ್ಕ ಕ್ಯಾಥ್ರೀನಳಿಗೆ ಎಪ್ಪತ್ತು ತುಂಬುತ್ತದೆ. ಅಜ್ಜಿಯ ಕಾಲದಂತೆಯೇ ಕಾಫಿಯ ಜೊತೆಗೆ ಮೇಜಿನ ತುಂಬ ತಿಂಡಿ ಜೋಡಿಸುತ್ತಾಳೆ, ರೈ ಧಾನ್ಯದ ಬ್ರೆಡ್ಡಿನ ಪದರಗಳ ನಡುವೆ ಕೆನೆ ಬಳಿದ ಅಜ್ಜಿಯ ಕೇಕನ್ನೂ ಮಾಡುತ್ತಾಳೆ. ಅದು ತಪ್ಪಿಹೋದರೆ?

ಮಧ್ಯಾಹ್ನ ಬೆಣ್ಣೆಯಲ್ಲಿ ಹುರಿದ ಮೀನು ಬಂತು. ಬಾಯಿ ಮತ್ತೆ "ಬೇಡಮ್ಮ" ಎಂದಿತು. ಮೀನು ಬಿರ್ಗರ್‌ನ ಪಾಲಾಯಿತು.

"ಹಸಿವೇ ಇಲ್ವೇನಯ್ಯಾ ನಿಂಗೆ?" ಎಂದ ಬಿರ್ಗರ್, ಬಾಯಿ ಒರೆಸಿಕೊಳ್ಳುತ್ತಾ.

"ಪ್ರಾಣ ಹೋಗೋಷ್ಟು ಹಸಿವು. ಅವಳು ಒಂದೇ ಸಲ ಕೇಳ್ತಾಳಲ್ಲ, ಏನ್ ಮಾಡ್ಲಿ?"

ನಿಸ್ ಹೇಳುತ್ತಾ ಹೋದ. ಅಜ್ಜಿ ಮೊಮ್ಮಕ್ಕಳನ್ನು ನೆಂಟರ ಮನೆಗೆ ಕರೆದೊಯ್ಯುವಾಗ ಬಾಗಿಲಲ್ಲೇ ಕಿವಿ ಹಿಡಿದು ಪಾಠ ಹೇಳುತ್ತಿದ್ದಳು. ಮೊದಲ ಸಲ ಕೇಳಿದರೆ ಬೇಡ ಅನ್ನಬೇಕು, ಎರಡನೆಯ ಸಲವೂ ಬೇಡ, ಮೂರನೆಯ ಸಲ "ಅಷ್ಟು ಹೇಳಿದ ಮೇಲೆ ಆಗಲಿ" ಅನ್ನಬೇಕು. ಆ ಮೂರನೆಯ ಸಲಕ್ಕಾಗಿ ಕಾಯುವಾಗ ಅಡುಗೆಮನೆಯಿಂದ ಬರುತ್ತಿದ್ದ ಕಾಫಿಯ ಘಮ, ಗಾಜಿನ ತಟ್ಟೆಗಳ ಸದ್ದು! ಯಾರೂ ಎರಡಕ್ಕೇ ನಿಲ್ಲಿಸುತ್ತಿರಲಿಲ್ಲ. ಆ ಜನ ಈಗೆಲ್ಲಿ, ಎಂದ ನಿಸ್.

ಬಿರ್ಗರ್ ತನ್ನ ಹೊಟ್ಟೆಯ ಆಪರೇಷನ್ನಿನ ಹೊಲಿಗೆ ಹಿಡಿದುಕೊಂಡು ನಕ್ಕ. "ಇಲ್ಲಿ ಹಾಗೆ ಕೂತ್ರೆ ಹೆಣ ಬೀಳತ್ತೆ ಮಾರಾಯ. ನಾನೇ ಸಿಗ್ನೆ ಅನ್ಕೋ. ನಿಸ್ ಅವರೇ, ಕೇಕ್ ಕೊಡ್ಲಾ?"

"ಬೇ..."

"ಥೂ. ಇನ್ನೊಂದ್ಸಲ."

ಹೀಗೆ ಮೂರು ಗಂಟೆಯವರೆಗೂ ತಾಲೀಮು ನಡೆಯಿತು. ಗಾಡಿ ಬಂದಾಗ ನಿಸ್ ಮಂಚದ ಕಂಬಿಯನ್ನು ಭದ್ರವಾಗಿ ಹಿಡಿದು, ಕಣ್ಣು ಮುಚ್ಚಿ, "ಕೊಡು" ಎಂದುಬಿಟ್ಟ. ಕಳ್ಳತನ ಮಾಡಿದಷ್ಟು ನಾಚಿಕೆಯಾಯಿತು. ಆದರೂ ಚೀಸು, ಮೊಟ್ಟೆ, ಪ್ರೋಟೀನಿನ ಹಾಲು ಎಲ್ಲವೂ ಒಳಗೆ ಹೋದವು. ಸಂಜೆಯ ಊಟವೂ ಹೋಯಿತು.

ಬಿರ್ಗರ್‌ನ ಬಾಯಲ್ಲಿ ಗುಟ್ಟು ನಿಲ್ಲುವುದುಂಟೇ? ಮೊಗಸಾಲೆಯಲ್ಲಿ ಸಿಗ್ನೆಯನ್ನು ತಡೆದು ಅಜ್ಜಿಯ ಪಾಠವನ್ನೆಲ್ಲ ಒಪ್ಪಿಸಿದ. ಪಾಪ, ಇಷ್ಟು ದಿನ ಮುದುಕನನ್ನು ಉಪವಾಸ ಕೆಡವಿದೆನಲ್ಲ ಎಂದುಕೊಂಡು ಅವಳು ನೇರ ನಿಸ್ ಬಳಿಗೆ ಬಂದಳು.

"ಡಾಕ್ಟರು ನಾಳೆ ಹೋಗ್ಬಹುದು ಅಂದ್ರು. ಆದ್ರೆ ಮಂಚ ಖಾಲಿನೇ ಇರತ್ತೆ. ಸೋಮವಾರದವರೆಗೂ ಇದ್ದು ಸುಧಾರಿಸ್ಕೊಂಡು ಹೋಗ್ತೀರಾ?"

"ಬೇಡ ಬೇಡ," ಎಂದ ನಿಸ್, ಈ ಸಲ ಮನಸಾರೆ.

ಸಿಗ್ನೆ ಅರ್ಥವಾದವಳಂತೆ ನಕ್ಕಳು. "ಸಂಕೋಚ ಬೇಡ. ಇರ್ತೀರಾ?"

"ಬೇಡಮ್ಮ, ಖಂಡಿತ ಬೇಡ."

ಅವಳು ಹಾಸಿಗೆಯ ಅಂಚಿನಲ್ಲಿ ಕೂತು ಅವನ ಕೈ ಹಿಡಿದಳು. "ನಂಗೋಸ್ಕರ ಆದ್ರೂ ಇರಿ ನಿಸ್ ಅವರೇ."

ನಿಸ್‌ನ ಕಿವಿ ಬಿಸಿಯಾಯಿತು. ಅರವತ್ತು ವರ್ಷದ ಅಭ್ಯಾಸ ಅವನನ್ನು ಕೇಳದೆಯೇ ಬಾಯಿ ತೆರೆಯಿತು.

"ಅಷ್ಟು ಹೇಳಿದ ಮೇಲೆ, ಆಗಲಿ."

ಮರುದಿನ ಬೆಳಿಗ್ಗೆ ಬಿರ್ಗರ್‌ನನ್ನು ಮನೆಗೆ ಕಳಿಸಿದರು. ಅವನ ತೂಕ ಬಹಳ ಚೆನ್ನಾಗಿ ಏರಿತ್ತಂತೆ.